ಕಣ್ಣಿನ ಆಪರೇಷನ್‌ಗೂ ಮೊದಲು ಅವ್ವನ ಶುಗರ್ ಇಳಿಸಿದ್ದು

ಅವ್ವನ ಬಲಗಣ್ಣಿನ ಪೊರೆ ತೆಗೆಸಿ ಈಗ ಒಂದು ವಾರ ಕಳೆಯಿತು. ಥಿಯೇಟರಿನ ಒಳಗೆ ಹೋದವಳು ಅರ್ಧ ಗಂಟೆಯೊಳಗೆ ಹೊರಗೆ ಬಂದಳು. ಆ ಅರ್ಧ ಗಂಟೆಗೆ ಅವಳ ಶುಗರ್ ತಯಾರಾಗಲು ಮಾತ್ರ ಕಾರಹುಣ್ಣಿಮೆಯಿಂದ ದೀಪಾವಳಿಯವರೆಗೆ ಹಿಡಿಯಿತು. ನಿಮ್ಮ ಮನೆಯಲ್ಲೂ ವಯಸ್ಸಾದವರೊಬ್ಬರಿಗೆ ಹಳೆಯ ಸಕ್ಕರೆ ಕಾಯಿಲೆ ಇದ್ದು, ಯಾವುದೋ ಆಪರೇಷನ್‌ಗೆ ಹೋದಾಗ ‘ಮೊದ್ಲು ಶುಗರ್ ಇಳಿಸ್ಕೊಂಡು ಬರ್ರಿ’ ಎಂದು ವಾಪಸು ಕಳಿಸಿದ್ದರೆ, ನಮಗೆ ಯಾರೂ ಮುಂಚೆ ಹೇಳದ ಕೆಲವು ಸಂಗತಿಗಳು ನಿಮಗೆ ಉಪಯೋಗಕ್ಕೆ ಬರಬಹುದು.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಅವ್ವ ತಮ್ಮನ ಮನೆಯಲ್ಲಿರುತ್ತಾಳೆ. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕ್ಲರ್ಕ್. ಅವಳಿಗೆ ಈಗ 64. ಸಕ್ಕರಿ ಬ್ಯಾನಿ ಇದೆ ಎಂದು ಗೊತ್ತಾಗಿ ಒಂಬತ್ತು ವರ್ಷ. ಅವತ್ತು ಬರೆದುಕೊಟ್ಟ ಚೀಟಿ ಮಡಿಕೆಯಲ್ಲೆಲ್ಲ ಹರಿದು, ಟೇಪು ಹಚ್ಚಿಸಿಕೊಂಡು, ಔಷಧದ ಅಂಗಡಿಯಲ್ಲಿ ಈಚಿನವರೆಗೂ ನಡೆಯುತ್ತಿತ್ತು. ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಮುಂಜಾನೆ. ಕಾಯಿಲೆ ಮುಂದೆ ಹೋಗಿತ್ತು, ಚೀಟಿ ಅಲ್ಲೇ ನಿಂತಿತ್ತು. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ದಿನ ಹಸಿರು ಗೌನು ತೊಡಿಸಿ ಕೂರಿಸಿ, ಬೆರಳು ಚುಚ್ಚಿ ನೋಡಿದರೆ 368. ಗೌನು ಬಿಚ್ಚಿಸಿ ಕಳಿಸಿದರು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಶುಗರ್ ಅಷ್ಟಿರುವಾಗ ಕಣ್ಣು ಕೊಯ್ದರೆ ಸೋಂಕು ತಗಲುವ ಭಯ ಹೆಚ್ಚು, ಗಾಯ ಮಾಯುವುದೂ ತಡ. ಅವರು ಕಳಿಸಿದ್ದೇ ಸರಿ.

ಅಲ್ಲಿಂದ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಹೋದೆವು. ಬಿಪಿ, ಶುಗರ್‌ನಂಥ ಕಾಯಿಲೆಗಳಿಗೆಂದೇ ಇರುವ ವಿಭಾಗ ಅದು. ತಪಾಸಣೆ ಮತ್ತು ಗುಳಿಗೆ ಎರಡೂ ಪುಕ್ಕಟೆ, ಸ್ಟಾಕ್ ಇದ್ದಾಗ ಇನ್ಸುಲಿನ್ನೂ ಸಿಗುತ್ತದೆ. ಆಧಾರ್ ಮತ್ತು ಮೊಬೈಲ್ ನಂಬರ್ ಕೊಟ್ಟರೆ ಹೆಸರು ಬರೆದುಕೊಂಡು ಒಂದು ಪುಸ್ತಕ ಕೊಡುತ್ತಾರೆ. ಆ ಪುಸ್ತಕ ಕಳೆಯಬೇಡಿ, ಮುಂದಿನ ಸಲದಿಂದ ಅದೇ ನಿಮ್ಮ ಚೀಟಿ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಮಧ್ಯಾಹ್ನದ ಬಸ್ಸು ಸಿಗುತ್ತದೆ, ಹತ್ತೂವರೆಗೆ ಹೋದರೆ ಸಂಜೆಯದೇ ಗತಿ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವೊಂದು 2023ರಲ್ಲಿ ಹೇಳಿತ್ತು. ಆ ವರಾಂಡದ ಸಾಲು ನೋಡಿದವರು ಯಾರೂ ಅನುಮಾನ ಪಡಲಾರರು.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯನ್ನು ಹೊರಗೆ ಮಾಡಿಸಿದೆವು, 450 ರೂಪಾಯಿ. ಬೆರಳು ಚುಚ್ಚಿ ನೋಡುವುದು ಆ ಗಳಿಗೆಯ ಸಕ್ಕರೆ. ಇದು ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಬಹಳಷ್ಟು ಮಂದಿಗೆ ಏಳರ ಒಳಗೆ ಇರಲಿ ಎನ್ನುತ್ತಾರೆ. ಅವ್ವನದು 11.2.

ಡಾಕ್ಟರ್ ಮೇಡಂ ಕೇಳಿದ ಪ್ರಶ್ನೆ ನನಗೆ ಹೊಸದು. ‘ಗುಳಿಗಿ ತಗೋತೀರೇನು’ ಅಂತ ಕೇಳಲಿಲ್ಲ. ‘ಗುಳಿಗಿ ಯಾವತ್ತ ಮುಗೀತಾವ? ಮುಗದ ಮ್ಯಾಲೆ ಯಾರ ತರ್ತಾರ?’ ಎಂದು ಕೇಳಿದರು. ಅವ್ವ ತಮ್ಮನ ಮುಖ ನೋಡಿದಳು. ‘ಸಂತಿಗೆ ಹೋದಾಗ ತರ್ತಾನ್ರೀ’ ಅಂದಳು. ಸಂತೆ ಮಂಗಳವಾರ. ಗುಳಿಗೆ ಶುಕ್ರವಾರ ಮುಗಿದರೆ ಮಂಗಳವಾರದವರೆಗೆ ಇಲ್ಲ. ಬಿತ್ತನೆ ಇದ್ದರೆ ಆ ಮಂಗಳವಾರವೂ ಇಲ್ಲ. ಅವ್ವ ಹಠಮಾರಿಯಲ್ಲ, ಕೈಗೆ ಕೊಟ್ಟ ಗುಳಿಗೆಯನ್ನು ಒಂದು ದಿನವೂ ಬಿಟ್ಟವಳಲ್ಲ. ಅವಳ ಶುಗರ್ ಏರಿದ್ದು ಅರ್ಧ ಹಳೆಯ ಚೀಟಿಯಿಂದ, ಅರ್ಧ ಬಸ್ಸು ಸಂತೆಗಳಿಂದ. ಪಥ್ಯದ ಬಗ್ಗೆ ಊರೆಲ್ಲ ಬುದ್ಧಿ ಹೇಳುತ್ತದೆ, ಗುಳಿಗೆ ಮುಗಿಯುವ ತಾರೀಖನ್ನು ಮಾತ್ರ ಯಾರೂ ಕೇಳುವುದಿಲ್ಲ. ಈಗ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುಳಿಗೆ ಮುಗಿಯುವ ದಿನಕ್ಕಿಂತ ಒಂದು ವಾರ ಮುಂಚೆ ಕೆಂಪು ಸುತ್ತು ಬಿದ್ದಿರುತ್ತದೆ.

ಇನ್ಸುಲಿನ್ ಶುರು ಮಾಡಬೇಕು ಎಂದಾಗ ಅವ್ವ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಳು. ‘ಸೂಜಿ ಸುರು ಆತಂದ್ರ ಮುಗೀತವಾ. ಗೌಡರ ಮನಿ ಮುದುಕಗ ಸೂಜಿ ಚಾಲೂ ಮಾಡಿದ ಮ್ಯಾಲೇ ಕಾಲು ತಗದ್ರು.’ ಮೇಡಂ ಅವಳನ್ನು ಮತ್ತೆ ಒಳಗೆ ಕರೆದು, ‘ಕಾಲು ಕೆಟ್ಟಮ್ಯಾಲೆ ಸೂಜಿ ಕೊಟ್ಟಾರ ಆಯಿ, ಸೂಜಿಯಿಂದ ಕಾಲು ಕೆಟ್ಟಿಲ್ಲ. ನಿಮಗ ಈಗ ಕಣ್ಣ ಬೇಕೋ ಬ್ಯಾಡೋ?’ ಅಂದರು. ಆಪರೇಷನ್ ಆಗಿ ಹಿಡಿತಕ್ಕೆ ಬಂದರೆ ಸೂಜಿ ಕಡಿಮೆ ಮಾಡಬಹುದು, ಬಿಡಿಸಲೂಬಹುದು ಎಂದೂ ಹೇಳಿದರು. ಈ ಎರಡನೆಯ ಮಾತೇ ಅವ್ವನನ್ನು ಒಪ್ಪಿಸಿತು. 30/70 ಎಂಬ ಮಿಶ್ರ ಇನ್ಸುಲಿನ್, ಮುಂಜಾನೆ 16 ಯೂನಿಟ್, ರಾತ್ರಿ 10, ಊಟಕ್ಕೆ ಅರ್ಧ ಗಂಟೆ ಮೊದಲು. (ಇದು ಅವ್ವನ ಲೆಕ್ಕ. ದಯವಿಟ್ಟು ನಿಮ್ಮ ಮನೆಗೆ ಎತ್ತಿಕೊಂಡು ಹೋಗಬೇಡಿ.)

ಈಗ ಬರುವ ಮಾತನ್ನು ಬೇರೆಲ್ಲ ಬಿಟ್ಟರೂ ಓದಿ.

ಆಸ್ಪತ್ರೆಯಲ್ಲಿ ಬಾಟಲಿ ಕೊಟ್ಟರು. ಸಿರಿಂಜು ಖಾಲಿಯಾಗಿತ್ತು, ಹೊರಗೆ ತಂದೆವು. ತಮ್ಮನ ಹೆಂಡತಿ ಸಿಸ್ಟರ್ ಕಲಿಸಿದ ಹಾಗೆಯೇ ದಿನಾ ಎರಡು ಹೊತ್ತು ಚುಚ್ಚಿದಳು. ಎರಡು ವಾರವಾದರೂ ಶುಗರ್ 300ರ ಕೆಳಗೆ ಇಳಿಯಲಿಲ್ಲ. ಮತ್ತೆ ಹೋದಾಗ ಮೇಡಂ ಯೂನಿಟ್ ಹೆಚ್ಚಿಸಲು ಪೆನ್ನು ಹಿಡಿದಿದ್ದರು. ಪಕ್ಕದಲ್ಲಿದ್ದ ಸಿಸ್ಟರ್, ‘ಮನ್ಯಾಗ ಯಾವ ಸಿರಿಂಜ್ ಹಾಕ್ತೀರಿ, ಒಂದ ತಂದೀರೇನ್ರಿ?’ ಅಂದರು. ಚೀಲದಿಂದ ತೆಗೆದು ಕೊಟ್ಟರೆ ಅದರ ಮುಚ್ಚಳ ಕಿತ್ತಳೆ ಬಣ್ಣದ್ದು. ಅವರು ಬಾಟಲಿಯ ಮೇಲಿನ 40 ಎಂಬ ಅಂಕಿಯನ್ನೂ ಸಿರಿಂಜಿನ ಮೇಲಿನ 100 ಎಂಬ ಅಂಕಿಯನ್ನೂ ಬೆರಳಿಟ್ಟು ತೋರಿಸಿದರು.

ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ್ದು ಯು-100, ಅದು 100 ಯೂನಿಟ್‌ನ ಇನ್ಸುಲಿನ್‌ಗೆ. ಅದರಲ್ಲಿ 16ರ ಗೆರೆಯವರೆಗೆ ಎಳೆದಾಗ ಅವ್ವನ ಮೈಗೆ ಹೋಗುತ್ತಿದ್ದದ್ದು ಬರೀ ಆರೂವರೆ ಯೂನಿಟ್‌ನಷ್ಟು, 10ಕ್ಕೆ ಎಳೆದಾಗ ನಾಲ್ಕು. ನಾವು ‘ಶುಗರ್ ಸಿರಿಂಜ್’ ಅಂದದ್ದಕ್ಕೆ ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಟ್ಟಿದ್ದ. ಆ ಸಿಸ್ಟರ್ ಕೇಳದೆ ಮೇಡಂ ಯೂನಿಟ್ ಏರಿಸಿ, ಮುಂದಿನ ಸಲ ಬೇರೆ ಅಂಗಡಿಯಲ್ಲಿ ಸರಿಯಾದ ಸಿರಿಂಜು ಸಿಕ್ಕಿದ್ದರೆ ಒಂದೇ ದಿನ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತಿತ್ತು. ಉಲ್ಟಾ ಆದರೆ, ಅಂದರೆ ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ ಎಳೆದರೆ, ಮೊದಲ ದಿನವೇ ಅಪಾಯ. ಪೆನ್ನಿನ ಕಾಟ್ರಿಜ್‌ಗಳು ಯು-100. ಅದರಿಂದ ಸಿರಿಂಜಿನಲ್ಲಿ ಎಳೆಯುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. ಬಾಟಲಿ, ಸಿರಿಂಜು ಎರಡರ ಮೇಲೂ ಒಂದೇ ಅಂಕಿ ಇರಬೇಕು, ಅಷ್ಟು ನೋಡಿದರೆ ಸಾಕು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ಬಳಸುವ ಸಿರಿಂಜು, ಬಾಟಲಿ, ಗುಳಿಗೆಯ ಖಾಲಿ ಶೀಟು ಎಲ್ಲ ಚೀಲಕ್ಕೆ ಹಾಕಿಕೊಂಡೇ ಹೋಗಿ.

ಸಿರಿಂಜು ಸರಿಯಾದ ಮೇಲೆ ಶುಗರ್ ಇಳಿಯತೊಡಗಿತು. ಆಗ ಬಾಟಲಿ ಇಡುವ ತಾಪತ್ರಯ. ತಮ್ಮನ ಮನೆಯಲ್ಲಿ ಫ್ರಿಜ್ ಇಲ್ಲ. ಬಾಕಿ ಬಾಟಲಿಗಳನ್ನು ಓಣಿಯ ಮಾಸ್ತರ ಮನೆಯ ಫ್ರಿಜ್ಜಿನಲ್ಲಿಟ್ಟೆವು. ಅವರ ಮನೆಯಲ್ಲಿ ಯಾರೋ ಜಾಗ ಮಾಡಲು ಅದನ್ನು ಮೇಲಿನ ಬರ್ಫದ ಖಾನೆಗೆ ಎತ್ತಿಟ್ಟರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ, ಎಸೆದೆವು. ಫ್ರಿಜ್ಜಿನ ಬಾಗಿಲಿನ ಕಡೆ ಅಥವಾ ಕೆಳಗಿನ ಖಾನೆ ಸರಿ. ಬಳಕೆಯಲ್ಲಿರುವ ಬಾಟಲಿಯನ್ನು ಸುಮಾರು ನಾಲ್ಕು ವಾರ ಹೊರಗೇ ಇಡಬಹುದು, ಬಿಸಿಲು ಮತ್ತು ಒಲೆಯ ಕಾವು ತಾಕಬಾರದು. ನಾವು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹಸಿ ಮರಳು ತುಂಬಿ, ನಡುವೆ ಸಣ್ಣ ಗಡಿಗೆ ಕೂರಿಸಿ, ಅದರೊಳಗೆ ಡಬ್ಬಿಯಲ್ಲಿ ಬಾಟಲಿ ಇಟ್ಟೆವು. ಮರಳಿಗೆ ದಿನಾ ನೀರು ಚಿಮುಕಿಸಬೇಕು. ದಿನಕ್ಕೆ 26 ಯೂನಿಟ್ ಹೋದರೆ 400 ಯೂನಿಟ್‌ನ ಬಾಟಲಿ ಹದಿನೈದು ದಿನ ಬರುತ್ತದೆ, ಹಾಗಾಗಿ ಕೆಡುವಷ್ಟು ದಿನ ಉಳಿಯುವುದೂ ಇಲ್ಲ. ಈ ಮಿಶ್ರ ಇನ್ಸುಲಿನ್ ಅಡಿಯಲ್ಲಿ ಬಿಳಿಯಾಗಿ ಕೂತಿರುತ್ತದೆ, ಎಳೆಯುವ ಮುಂಚೆ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಹಾಲಿನಂತಾಗುವವರೆಗೆ ಬೆರೆಸಬೇಕು. ಜೋರಾಗಿ ಕುಲುಕಬಾರದು. ಹೊಟ್ಟೆಯ ಮೇಲೆ ಒಂದೇ ಕಡೆ ಚುಚ್ಚುತ್ತಾ ಹೋದರೆ ಗಂಟು ಕಟ್ಟುತ್ತದೆ. ಗಂಟಿದ್ದಲ್ಲಿ ಇನ್ಸುಲಿನ್ ಸರಿಯಾಗಿ ಇಳಿಯುವುದಿಲ್ಲ, ಜಾಗ ಬದಲಿಸುತ್ತಿರಿ.

ಗುಳಿಗೆಯದು ಇನ್ನೊಂದು ಪುರಾಣ. ಅವ್ವನಿಗೆ ಓದು ಬರುವುದಿಲ್ಲ, ಪೊರೆ ಬಂದ ಮೇಲೆ ಬಣ್ಣವೂ ಸರಿಯಾಗಿ ಕಾಣುತ್ತಿರಲಿಲ್ಲ. ‘ಉದ್ದಂದು ಬಿಳೀದು’, ‘ಸಣ್ಣಂದು’ ಎಂದು ಬೆರಳಲ್ಲಿ ಗುರುತು ಹಿಡಿಯುತ್ತಿದ್ದಳು. ಆದರೆ ಪ್ರತಿ ತಿಂಗಳು ಬರುವ ಶೀಟು ಬೇರೆ ಕಂಪನಿಯದು. ಒಮ್ಮೆ ಮೆಟ್‌ಫಾರ್ಮಿನ್ 500 ಇಲ್ಲವೆಂದು 1000 ಕೊಟ್ಟು ಅರ್ಧ ಮುರಿದು ಕೊಡಿ ಅಂದರು. ಶೀಟಿನ ಮೇಲೆ ಎಸ್‌ಆರ್ ಎಂದಿದ್ದರೆ ಅದು ಹೊಟ್ಟೆಯಲ್ಲಿ ನಿಧಾನ ಕರಗಬೇಕಾದ ಗುಳಿಗೆ. ಅರೆಯಬಾರದು, ಅಗಿಯಬಾರದು, ಡಾಕ್ಟರನ್ನು ಕೇಳದೆ ಮುರಿಯಲೂಬಾರದು. ಸಾಧಾರಣ 500 ಅನ್ನು ಜನೌಷಧಿ ಕೇಂದ್ರದಲ್ಲಿ ತಂದೆವು, ಹತ್ತು ಗುಳಿಗೆಯ ಶೀಟಿಗೆ ಹತ್ತು ರೂಪಾಯಿಯೂ ಆಗಲಿಲ್ಲ. ಮನೆಯಲ್ಲಿ ಈಗ ಮುಂಜಾನೆಯ ಗುಳಿಗೆಗೆ ಸ್ಟೀಲ್ ಡಬ್ಬಿ, ರಾತ್ರಿಯದಕ್ಕೆ ಪ್ಲಾಸ್ಟಿಕ್ಕಿನದು. ಕೈಗೆ ತಾಕಿದರೇ ಅವ್ವನಿಗೆ ಗೊತ್ತಾಗುತ್ತದೆ.

ಊಟದ ವಿಷಯಕ್ಕೆ ನಮಗೆ ಸಿಕ್ಕ ಛಾಪಿಸಿದ ಹಾಳೆಯಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಎಲ್ಲ ಇತ್ತು. ಅದನ್ನು ಮಡಚಿಟ್ಟೆವು. ಅವ್ವನ ತಾಟಿನಲ್ಲಿ ತೊಂದರೆ ಇದ್ದದ್ದು ರೊಟ್ಟಿಯಲ್ಲಲ್ಲ, ರೊಟ್ಟಿ ಮುಗಿದ ಮೇಲೆ ಬರುವ ಅನ್ನದ ಗುಡ್ಡೆಯಲ್ಲಿ ಮತ್ತು ದಿನವಿಡೀ ನಡೆಯುವ ಚಹಾದಲ್ಲಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ನಡೆಯುತ್ತದೆ ಎಂದು ಓಣಿಯಲ್ಲೆಲ್ಲ ನಂಬಿಕೆ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಎರಡು ಜೋಳದ ರೊಟ್ಟಿ, ತಾಟಿನ ಅರ್ಧ ಭಾಗ ಪಲ್ಯ ಮತ್ತು ಹಸಿ ಮೆಂತ್ಯ, ಹಕ್ಕರಕಿ, ಸವತೆಕಾಯಿ, ಒಂದು ಕಾಳಿನ ಪಲ್ಯ, ಅನ್ನ ಒಂದು ಸೌಟು. ನಮ್ಮ ಕಡೆ ಊಟದ ಜೊತೆ ಹಸಿ ಸೊಪ್ಪು ತಿನ್ನುವ ರೂಢಿ ಹಳೆಯದೇ, ಅದನ್ನು ಹೆಚ್ಚಿಸಿದೆವು ಅಷ್ಟೆ. ಚಹಾ ಎರಡಕ್ಕೆ ಇಳಿಯಿತು, ಸಕ್ಕರೆ ಇಲ್ಲದೆ. ಮೊದಲ ದಿನ ಕುಡಿದು, ‘ಇದು ಚಹಾ ಅಲ್ಲ, ತಂಬಾಕದ ನೀರು’ ಅಂದಿದ್ದಳು. ಸಂತೆಯಲ್ಲಿ ಬೇರಿನ ಪುಡಿ ಮಾರುವವನೊಬ್ಬ ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಬೇರು ಸಮೇತ ತೆಗೆಯುತ್ತೇನೆ ಎಂದು ಕೂಗುತ್ತಾನೆ. ಅವನ ಸಹವಾಸಕ್ಕೆ ಹೋಗಿ ಗುಳಿಗೆ ಬಿಟ್ಟವರು ನಮ್ಮ ಎನ್‌ಸಿಡಿ ಸಾಲಿನಲ್ಲೇ ಸಿಕ್ಕರು.

ಶ್ರಾವಣದಲ್ಲಿ ಹೆದರಿದ್ದು ಬೇರೆ ಕಾರಣಕ್ಕೆ. ಸೋಮವಾರ ಅವ್ವನದು ಒಪ್ಪತ್ತು. ಮುಂಜಾನೆ ಸೂಜಿ ಹಾಕಿಸಿಕೊಂಡು, ತಿನ್ನದೆ, ಗುಡಿಗೆ ಹೋದಳು. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ತಮ್ಮನ ಮಗ ಒಂಬತ್ತನೆ ಕ್ಲಾಸು, ಅವನಿಗೆ ಗ್ಲುಕೋಮೀಟರ್ ಗೊತ್ತಿತ್ತು. ಚುಚ್ಚಿದರೆ 54. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಕಾದು ಮತ್ತೆ ನೋಡಿದ, 81. ಆಮೇಲೆ ರೊಟ್ಟಿ ತಿನ್ನಿಸಿದರು. 70ಕ್ಕಿಂತ ಕೆಳಗೆ ಬಂದರೆ ಹೀಗೇ ಮಾಡಬೇಕೆಂದು ಪುಸ್ತಕದಲ್ಲೇ ಬರೆದಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಒಯ್ಯಬೇಕು. ಉಪವಾಸ ಮಾಡುವವರು ಆ ದಿನ ಸೂಜಿ, ಗುಳಿಗೆ ಎಷ್ಟು ಎಂದು ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ‘ದೇವ್ರಿಗೆ ಒಪ್ಪತ್ತ ಬಿಟ್ರ ಪಾಪ’ ಎನ್ನುವ ಅವ್ವನಿಗೆ, ಸೋಮವಾರ ಮುಂಜಾನೆಯೇ ಉಂಡು ರಾತ್ರಿ ಹಣ್ಣು, ಹಾಲು, ರಾತ್ರಿಯ ಸೂಜಿ ಕಡಿಮೆ ಎಂದು ಮೇಡಂ ತೀರ್ಮಾನ ಕೊಟ್ಟರು. ದೇವರೂ ಒಪ್ಪಿದ ಹಾಗೆ ಕಾಣುತ್ತದೆ.

ಅದಕ್ಕೂ ಮುಂಚೆ ಪಂಚಮಿ ಬಂದಿತ್ತು. ಪಂಚಮಿಗೆ ತಮ್ಮನ ಹೆಂಡತಿ ತವರಿಗೆ ಹೋಗಲೇಬೇಕು. ಅವಳೂ ಒಬ್ಬರ ಮನೆಯ ಮಗಳು, ವರ್ಷಕ್ಕೊಮ್ಮೆಯ ಜೋಕಾಲಿ ಅವಳದೂ ಹೌದು. ಅವಳಿಲ್ಲದಾಗ ಸೂಜಿ ಯಾರು? ತಮ್ಮ ಟ್ರ್ಯಾಕ್ಟರ್ ಗಾಲಿ ಬಿಚ್ಚುತ್ತಾನೆ, ಸೂಜಿ ಕಂಡರೆ ಕಣ್ಣು ಮುಚ್ಚುತ್ತಾನೆ. ಕೊನೆಗೆ ಆ ಒಂಬತ್ತನೆ ಕ್ಲಾಸಿನವನೇ ಕಲಿತ, ಆಶಾ ಕಾರ್ಯಕರ್ತೆ ಮೊದಲ ದಿನ ಪಕ್ಕದಲ್ಲಿ ನಿಂತು ನೋಡಿದರು. ಇನ್ಸುಲಿನ್ ಚುಚ್ಚಲು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಬರಬೇಕು. ಹಬ್ಬ, ಬಾಣಂತನ, ಮದುವೆ ಯಾವುದೂ ಶುಗರನ್ನು ಕೇಳಿ ಬರುವುದಿಲ್ಲ.

ನಡುವೆ ಕಾಲಿನ ಪರೀಕ್ಷೆಯೂ ಆಯಿತು. ನೈಲಾನ್ ದಾರದಂಥ ಕಡ್ಡಿಯನ್ನು ಅಂಗಾಲಿಗೆ ಒತ್ತಿ ‘ತಿಳೀತೇನು?’ ಎಂದು ಕೇಳುತ್ತಾರೆ. ಎರಡೂ ಹೆಬ್ಬೆರಳಲ್ಲಿ ಅವ್ವನಿಗೆ ಏನೂ ತಿಳಿಯಲಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವಳು. ಮುಳ್ಳು ಚುಚ್ಚಿದ್ದು ಗೊತ್ತಾಗದೆ ಹುಣ್ಣಾಗುವುದು ಹೀಗೆ. ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬರೆದುಕೊಟ್ಟರು, 600 ರೂಪಾಯಿ ಕೊಟ್ಟು ತಂದೆವು. ರಾತ್ರಿ ಮೊಮ್ಮಗ ಟಾರ್ಚು ಹಿಡಿದು ಅಂಗಾಲು ನೋಡುವುದು ಈಗ ನಿತ್ಯದ ಕೆಲಸ.

ಕಣ್ಣಿನ ಆಸ್ಪತ್ರೆಯ ರೆಟಿನಾ ಡಾಕ್ಟರ್ ಹೇಳಿದ ಒಂದು ಮಾತು ನಮಗೆ ವಿಚಿತ್ರ ಅನ್ನಿಸಿತ್ತು: ಕಣ್ಣಿನ ಹಿಂದಿನ ಪರದೆಗೆ ಆಗಲೇ ಸಕ್ಕರೆಯ ಪೆಟ್ಟು ಬಿದ್ದವರಲ್ಲಿ, ಬಹಳ ದಿನ ಏರಿದ್ದ ಶುಗರನ್ನು ಗಡಿಬಿಡಿಯಲ್ಲಿ ಇಳಿಸಿದರೆ ಆ ಪೆಟ್ಟು ಕೆಲಕಾಲ ಹೆಚ್ಚಾಗಬಹುದು. ಅದಕ್ಕೇ ಮೇಡಂ ಯೂನಿಟ್ಟುಗಳನ್ನು ಎರಡೆರಡಾಗಿ ಏರಿಸಿದ್ದು. ‘ಬೇಗ ಇಳಿಸಿಕೊಡಿ, ತಾರೀಖು ತಪ್ಪುತ್ತದೆ’ ಎಂದು ನಿಮ್ಮ ಡಾಕ್ಟರನ್ನು ಅವಸರಿಸುವ ಮುಂಚೆ ರೆಟಿನಾ ತೋರಿಸಿ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ನೋಡುತ್ತಾರೆ, ಕೆಲವು ಗಂಟೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಜೊತೆಗೊಬ್ಬರು ಇರಲೇಬೇಕು.

ಕಾರ್ಡಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ, ನೆನೆದರೆ ತಲೆನೋವು. ಆಯುಷ್ಮಾನ್ ಕಾರ್ಡ್ ಮಾಡಿಸಲು ಹೋದರೆ, ಕಳೆ ಕಿತ್ತು ಕಿತ್ತು ಸವೆದ ಅವ್ವನ ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. ಕಣ್ಣು ತೋರಿಸಿ ಅಂದರು, ಪೊರೆ ಬಂದ ಕಣ್ಣನ್ನೂ ಯಂತ್ರ ಒಪ್ಪಲಿಲ್ಲ. ಓಟಿಪಿ ಹೋಗುತ್ತಿದ್ದದ್ದು ಅಪ್ಪನ ಹಳೆಯ ನಂಬರಿಗೆ. ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ, ಕಾದು, ಕಾರ್ಡು ಕೈಗೆ ಬಂದು, ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಹಿಡಿದು ಹೋದರೆ, ‘ಈ ಆಪರೇಷನ್ ನಮ್ಮಲ್ಲಿ ಕಾರ್ಡ್ ಮ್ಯಾಲೆ ಆಗೂದಿಲ್ರಿ’ ಎಂದರು. ಮೇಲಾಗಿ ಆಧಾರಿನಲ್ಲಿ ಹೆಸರಿನ ಕೊನೆಗೆ ‘ಅವ್ವ’, ರೇಷನ್ ಕಾರ್ಡಿನಲ್ಲಿ ‘ಅಮ್ಮ’. ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಕಾರ್ಡಿನ ಮೇಲೆ ಆಗುತ್ತದೆ ಎಂದು ಮೊದಲು ಕೇಳಿ, ಆಮೇಲೆ ಓಡಾಡಿ. ಕೊನೆಗೆ ಜನರಲ್ ವಾರ್ಡಿನ ದರದಲ್ಲಿ ಲೆನ್ಸ್ ಸೇರಿ 9,000 ರೂಪಾಯಿ ಕೈಯಿಂದ ಕಟ್ಟಿದೆವು.

ಎಲ್ಲಕ್ಕಿಂತ ಹೆಚ್ಚು ದುಡ್ಡು ತಿಂದದ್ದು ಗ್ಲುಕೋಮೀಟರಿನ ಪಟ್ಟಿ. ಯಂತ್ರ ಅಗ್ಗ, ಪಟ್ಟಿ ಒಂದಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು. ಮೊದಲ ತಿಂಗಳು ದಿನಾ ನೋಡಿ, ಆಮೇಲೆ ಮೇಡಂ ಹೇಳಿದಂತೆ ವಾರಕ್ಕೆ ಎರಡು ದಿನ, ಊಟಕ್ಕೆ ಮುಂಚೆ ಒಮ್ಮೆ, ಉಂಡು ಎರಡು ಗಂಟೆಗೆ ಒಮ್ಮೆ ನೋಡಿದೆವು. ಬೆರಳ ತುದಿ ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ, ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಿ 290 ಬಂತೆಂದು ನಾವು ಒಂದು ರಾತ್ರಿ ನಿದ್ದೆಗೆಟ್ಟಿದ್ದೇವೆ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ, ಪಟ್ಟಿ ಉಳಿಸಬಹುದು. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಅದೇ ಉಪಕೇಂದ್ರಕ್ಕೆ ಕೊಡುತ್ತೇವೆ. ತಿಪ್ಪೆಗೆ ಎಸೆದರೆ ಚುಚ್ಚುವುದು ದನ ಮಕ್ಕಳಿಗೆ.

ದಸರೆ ಮುಗಿದ ಮೇಲೆ ಮಾಡಿಸಿದ ಎಚ್‌ಬಿಎ1ಸಿ 7.9. ಖಾಲಿ ಹೊಟ್ಟೆಯಲ್ಲಿ 130ರ ಸುತ್ತ, ಉಂಡ ಮೇಲೆ 190ರೊಳಗೆ. ಕಣ್ಣಿನ ಆಸ್ಪತ್ರೆಯವರು ಸಾಕು ಎಂದರು. ಆಪರೇಷನ್ ದಿನ ತಿನ್ನಬೇಕೋ ಬೇಡವೋ, ಸೂಜಿ ಎಷ್ಟು ಎಂಬುದನ್ನು ಬಾಯಿಮಾತಲ್ಲಿ ಕೇಳಬೇಡಿ. ನಮಗೆ ಒಬ್ಬರು ಉಪವಾಸ ಅಂದರು, ಇನ್ನೊಬ್ಬರು ನಾಷ್ಟಾ ಮಾಡಿಸಿ ಅಂದರು. ಮೇಡಂ ಮತ್ತು ಕಣ್ಣಿನ ಡಾಕ್ಟರ್ ಫೋನಿನಲ್ಲಿ ಮಾತಾಡಿ ಕಾಗದದ ಮೇಲೆ ಬರೆದುಕೊಟ್ಟ ಮೇಲೆ ನೆಮ್ಮದಿಯಾಯಿತು. ಆ ಮುಂಜಾನೆ ಅವ್ವನ ಶುಗರ್ 148.

ಈಗ ಸೂಜಿ, ಗುಳಿಗೆಗಳ ಜೊತೆ ಕಣ್ಣಿನ ಹನಿಯೂ ಸೇರಿಕೊಂಡಿದೆ, ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರವಾರ ಒಂದೊಂದು ಕಡಿಮೆ. ಕ್ಯಾಲೆಂಡರಿನ ಪಕ್ಕದಲ್ಲಿ ಅದರದೂ ಒಂದು ಹಾಳೆ ಅಂಟಿಸಿದ್ದೇವೆ. ಅವ್ವ ಗುಳಿಗೆಯ ಶೀಟನ್ನು ಬೆಳಕಿಗೆ ಹಿಡಿದು ‘ಇದು ಹಳದಿ ಐತಲ್ಲ, ಹೋದ ಸಲ ಹಸರ ಇತ್ತು, ಯಾಕ?’ ಎಂದು ಕೇಳತೊಡಗಿದ್ದಾಳೆ. ಎಡಗಣ್ಣಿಗೆ ಸಂಕ್ರಾಂತಿಯ ನಂತರ ತಾರೀಖು ಕೊಡುತ್ತಾರಂತೆ, ಅದಕ್ಕೂ ಮುಂಚೆ ರೆಟಿನಾ ಒಮ್ಮೆ ನೋಡಬೇಕು, ಕಿಡ್ನಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ನೋಡುವ ಪರೀಕ್ಷೆ ಬಾಕಿ ಇದೆ. ರೇಷನ್ ಕಾರ್ಡಿನ ‘ಅಮ್ಮ’ನನ್ನು ‘ಅವ್ವ’ ಮಾಡಲು ಅರ್ಜಿ ಹಾಕಿದ್ದೇವೆ, ಸರ್ವರ್ ಬಿಡುವು ಕೊಟ್ಟ ದಿನ ಆಗುತ್ತದೆ ಎಂದಿದ್ದಾರೆ.